ಹಲ್ಲಿನ ಗುರುತಿನ ಪೆನ್ನು

ಪೆನ್ನು ಕಣ್ಣಿಗೆ ಬಿದ್ದ ಕೂಡಲೇ ಈರಬಸಪ್ಪ ಮೊದಲು ಮಾಡಿದ ಕೆಲಸವೆಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡದ್ದು. ಶಲವಡಿ ಸೊಸೈಟಿಯ ಸೆಕ್ರೆಟರಿ, ಮಗಳ ಮದುವೆ ಮಾಡಿ ಮುಗಿಸಿದ ಗೃಹಸ್ಥ, ಕಿವಿಯ ಮೇಲೆ ಬಿಳಿ ಕೂದಲು ಇಣುಕಿದವನು, ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಗಡಿಯಾರ ರಿಪೇರಿ ಅಂಗಡಿಯ ಮುಂದೆ ಮೂರನೇ ಇಯತ್ತೆಯ ಹುಡುಗನಂತೆ ನಿಂತುಬಿಟ್ಟ. ಕಾಲ ಬಳಿ ಚೀಲವಿತ್ತು. ಚೀಲದಲ್ಲಿ ಮರುದಿನದ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಹೆಂಡತಿ ತರಹೇಳಿದ ಬೂದುಗುಂಬಳಕಾಯಿ, ಚೆಂಡುಹೂ, ವೀಳ್ಯದೆಲೆ ಇದ್ದವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊತ್ತು ಹೋಗಲೆಂದು ಗಾಜಿನ ಪೆಟ್ಟಿಗೆಯೊಳಗೆ ಇಣುಕಿದ್ದೇ ತಪ್ಪಾಯಿತು. ನಿಂತುಹೋದ ವಾಚುಗಳು, ಸ್ಟೀಲಿನ ಚೈನುಗಳು, ಒಂದು ಒಡೆದ ಕನ್ನಡಕ, ಅವುಗಳ ನಡುವೆ ಅದು ಮಲಗಿತ್ತು. ಕರಿಗೆಂಪು ಮೈ, ಮೈತುಂಬ ಕಪ್ಪು ಅಲೆ, ಬಂಗಾರದ ಬಣ್ಣದ ಕ್ಲಿಪ್ಪು. ಇಂಥವು ಲೋಕದಲ್ಲಿ ಬೇಕಾದಷ್ಟು ಇರಬಹುದು ಎಂದು ತನಗೆ ತಾನೇ ಹೇಳಿಕೊಂಡು ಬಗ್ಗಿ ನೋಡಿದ. ಮುಚ್ಚಳದ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಇಂಥದ್ದು ಲೋಕದಲ್ಲಿ ಒಂದೇ ಇತ್ತು.

ಅಂದಾನೆಪ್ಪ ಮಾಸ್ತರು ಮಗ್ಗಿ ಕೇಳುವಾಗ ಪೆನ್ನಿನ ಮುಚ್ಚಳ ಕಡಿಯುತ್ತಿದ್ದರು. ಹುಡುಗ ತಪ್ಪು ಹೇಳಿದರೆ ಗಟ್ಟಿಯಾಗಿ ಕಡಿಯುವರು, ಸರಿ ಹೇಳಿದರೆ ಮೆಲ್ಲಗೆ. ಇಡೀ ಶಲವಡಿಯ ಹುಡುಗರ ಗಣಿತದ ಜ್ಞಾನವೆಲ್ಲ ಆ ಮುಚ್ಚಳದ ಮೇಲೆ ಮೂಡಿತ್ತು. ಅವತ್ತು ಹದಿಮೂರರ ಮಗ್ಗಿ ನಡೆದಿತ್ತು. ಮಾಸ್ತರು ಸಹಿ ಹಾಕಲೆಂದು ಕಿಸೆಗೆ ಕೈಹಾಕಿದರೆ ಪೆನ್ನಿಲ್ಲ. ಮೇಜಿನ ಮೇಲಿಲ್ಲ, ಕೆಳಗಿಲ್ಲ. ಮಾಸ್ತರ ಕಣ್ಣು ಸಾಲು ಸಾಲಾಗಿ ಹುಡುಗರ ಮೇಲೆ ಹಾದು, ಎಲ್ಲೂ ನಿಲ್ಲದೆ, ಈರಬಸಪ್ಪನ ಮೇಲೆ ಬಂದು ನಿಂತಿತು. ಯಾಕೆ ಅಲ್ಲೇ ನಿಂತಿತು ಎಂಬುದು ಅವನಿಗೆ ಇವತ್ತಿಗೂ ಬಗೆಹರಿದಿಲ್ಲ. ಪೆನ್ನನ್ನು ಅವನಷ್ಟು ಹೊತ್ತು ದಿಟ್ಟಿಸುತ್ತಿದ್ದವರು ಬೇರೆ ಯಾರೂ ಇರಲಿಲ್ಲವೆಂಬುದು ಒಂದು ಕಾರಣವಿದ್ದೀತು. "ಈರ್ಯಾ, ಎದ್ದ ನಿಲ್ಲು. ಕಿಸೆ ಹೊರಗ ತಗಿ." ಚಡ್ಡಿಯ ಕಿಸೆಯನ್ನು ಹೊರಕ್ಕೆ ಎಳೆದರೆ ಅರ್ಧ ತಿಂದ ಬೆಲ್ಲದ ಹೆಂಟೆಯೊಂದು ಬಂತು, ಅದಕ್ಕೆ ಅಂಟಿಕೊಂಡ ನೂಲು, ಕಸ. ಇಡೀ ವರ್ಗ ನಕ್ಕಿತು. ಮಾಸ್ತರು ಬೆಲ್ಲವನ್ನು ಎರಡು ಬೆರಳಲ್ಲಿ ಹಿಡಿದು, ಕಿಟಕಿಯ ಹತ್ತಿರ ಹೋಗಿ, ಬೆನ್ನು ತಿರುಗಿಸಿ ನಿಂತು, "ಕಾಗಿಗೆ ಒಗದೆ ನೋಡು" ಎಂದರು. ಆಮೇಲೆ ಬೆತ್ತದ ಕೆಲಸವಾಯಿತು. ಆಮೇಲೆ ಮಾಸ್ತರು ನೀರು ಕುಡಿಯಲು ಕೊಡದ ಮೇಲೆ ಬಗ್ಗಿದರು. ಅವರ ತಲೆಯ ರುಮಾಲಿನ ಸುತ್ತಿನೊಳಗಿಂದ ಪೆನ್ನು ಜಾರಿ ಟಣ್ಣೆಂದು ನೆಲಕ್ಕೆ ಬಿತ್ತು. ಮಾಸ್ತರು ಅದನ್ನೆತ್ತಿ, ಧೋತರದ ಚುಂಗಿನಿಂದ ಒರೆಸಿ, ಕಿಸೆಗೆ ಸಿಕ್ಕಿಸಿ, "ಹದಿಮೂರರ ಮಗ್ಗಿ ಎಲ್ಲೀತನಕಾ ಬಂದಿತ್ತು?" ಎಂದರು.

ಮೂವತ್ತು ಚಿಲ್ಲರೆ ವರ್ಷಗಳಿಂದ ಈರಬಸಪ್ಪನ ತಲೆಯಲ್ಲಿ ಒಂದು ವಿಚಿತ್ರ ನ್ಯಾಯ ಕೂತುಬಿಟ್ಟಿತ್ತು. ಆರೋಪವಾಯಿತು, ಕಿಸೆಯ ಝಡತಿಯಾಯಿತು, ಶಿಕ್ಷೆಯೂ ಆಯಿತು. ಕಳವೊಂದು ಮಾತ್ರ ಬಾಕಿ. ಬೆಲೆ ಪೂರಾ ಮುಟ್ಟಿದೆ, ಮಾಲು ಬಂದಿಲ್ಲ. ರೈತರ ಗೊಬ್ಬರದ ಚೀಲಗಳ ಲೆಕ್ಕಕ್ಕೆ ಅಗ್ಗದ ಬಾಲ್‌ಪೆನ್ನಿನಿಂದ ಸಹಿ ಹಾಕುವಾಗೆಲ್ಲ, ಇದು ನನ್ನ ಪೆನ್ನಲ್ಲ, ನನ್ನ ಪೆನ್ನು ಅಂದಾನೆಪ್ಪ ಮಾಸ್ತರ ಕಿಸೆಯಲ್ಲಿದೆ ಎಂದು ಅನಿಸುತ್ತಿತ್ತು. ಇದನ್ನು ಯಾರೆದುರೂ ಹೇಳುವಂತಿರಲಿಲ್ಲ. ಹೆಂಡತಿಯೆದುರಂತೂ ಇಲ್ಲವೇ ಇಲ್ಲ.

"ಒಳಗ ಬರ್ರೆಲಾ, ಗಾಜಿನ ಮ್ಯಾಲ ಉಸರ ಬಿಟ್ಟು ಮಸುಕು ಮಾಡೀರಿ," ಎಂದ ಅಂಗಡಿಯ ಗುಲಾಮಹುಸೇನ.

"ಆ ಪೆನ್ನು…"

"ಇಂಗ್ಲೆಂಡಿಂದ್ರಿ. ನಿಮ್ಮೂರವರಽ ಕೊಟ್ಟ ಹೋಗ್ಯಾರ. ಮಾಸ್ತರ ಮಗ, ಮುರಿಗೆಪ್ಪನವರು. ವಾಚಿಗೆ ಸ್ಟೀಲಿನ ಚೈನ ಬೇಕಂದ್ರು, ಬದಲೀಗೆ ಇದನ್ನ ಇಟ್ರು. ಅಪ್ಪಗ ಕಣ್ಣ ಕಾಣಂಗಿಲ್ಲ, ಬರ್ಯಾಂಗಿಲ್ಲ, ಯಾರಿಗೂ ಹೇಳಬ್ಯಾಡ್ರಿ ಅಂದ್ರು."

"ಮತ್ತ ನನಗ ಹೇಳಿದ್ರೆಲಾ?"

"ನೀವು ಯಾರಿಗೂ ಹೇಳಂಗಿಲ್ಲಲ್ರಿ," ಎಂದು ಗುಲಾಮಹುಸೇನ ನಂಬಿಕೆಯಿಂದ ಹೇಳಿ ಪೆನ್ನು ತೆಗೆದು ಕೈಗಿಟ್ಟ.

ಕೈಗಿಟ್ಟ ಮೇಲೆ ಚೌಕಾಸಿ ಮಾಡುವ ತ್ರಾಣ ಈರಬಸಪ್ಪನಿಗೆ ಉಳಿಯಲಿಲ್ಲ. ಕೇಳಿದ್ದನ್ನು ಕೊಟ್ಟು ಎದ್ದ. ಗುಲಾಮಹುಸೇನ "ಶಾಯಿ ಹೆಂಗ ತುಂಬೂದಂದ್ರ" ಎಂದು ಶುರುಮಾಡಿದರೆ "ಗೊತ್ತೈತಿ, ಗೊತ್ತೈತಿ" ಎನ್ನುತ್ತ ಅಂಗಡಿಯ ಮೆಟ್ಟಿಲಿಳಿದ. ತನ್ನದೇ ಪೆನ್ನಿಗೆ ಶಾಯಿ ತುಂಬುವುದನ್ನು ಬೇರೆಯವರಿಂದ ಕಲಿಯುವುದು ಅವನಿಗೆ ಸರಿಬರಲಿಲ್ಲ. ಅರ್ಧ ದಾರಿಗೆ ಬಂದಾಗ ಕುಂಬಳಕಾಯಿ ನೆನಪಾಯಿತು, ತಿರುಗಿ ಹೋಗಿ ತಂದ.

ಬಸ್ಸಿನಲ್ಲಿ ಮೈಯೆಲ್ಲ ಕಿವಿಯಾಗಿ ಕೂತ. ಪೆನ್ನನ್ನು ಕಿಸೆಗೆ ಸಿಕ್ಕಿಸಿದ್ದ, ಮೇಲೆ ಕರವಸ್ತ್ರ ಮುಚ್ಚಿದ್ದ, ಕರವಸ್ತ್ರದ ಮೇಲೆ ಕೈ. ಎದೆನೋವಿನವರು ಹಾಗೆ ಕೂರುತ್ತಾರೆ. ಪಕ್ಕದಲ್ಲಿ ಅವನ ಓಣಿಯ ದೇವಕ್ಕ, ಕುರಿ ಮಾರಿ ಬಂದವಳು, ಎಲೆ ಅಡಿಕೆ ಅಗಿಯುತ್ತ ಅವನನ್ನೇ ನೋಡುತ್ತಿದ್ದಳು. ಕಂಡಕ್ಟರನ ಪೆನ್ನು ಕೈಕೊಟ್ಟಿತು. "ಯಾರ ಕಡೆ ಪೆನ್ ಐತ್ರಿ?" ಎಂದು ಬಸ್ಸಿಗೆಲ್ಲ ಕೇಳಿದ. ಈರಬಸಪ್ಪ ಕಿಟಕಿಯ ಹೊರಗೆ ಹತ್ತಿ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ನಿಬ್ಬಿನ ಪೆನ್ನು ಹೆಂಗಸಿನ ಬಳೆಯಿದ್ದ ಹಾಗೆ, ಇನ್ನೊಬ್ಬರ ಕೈಗೆ ಹೋದರೆ ಅದರ ಅಳತೆಯೇ ಕೆಡುತ್ತದೆ ಎಂಬುದು ಅವನ ಖಚಿತವಾದ ನಂಬಿಕೆ, ಅದುವರೆಗೆ ನಿಬ್ಬಿನ ಪೆನ್ನು ಇಟ್ಟುಕೊಂಡವನಲ್ಲದಿದ್ದರೂ.

"ಸೆಕ್ರೆಟ್ರಿ ಸಾಹೇಬ್ರ ಕಿಸೆದಾಗ ಐತಿ ನೋಡಪಾ," ಎಂದಳು ದೇವಕ್ಕ.

"ಅದು ಕೆಟ್ಟೈತಿ," ಎಂದ ಈರಬಸಪ್ಪ.

"ಕೆಟ್ಟ ಪೆನ್ನಿಗೆ ಅಷ್ಟ್ಯಾಕ ಅವುಚಿಗೊಂಡ ಕುಂತೀರಿ?"

ಅವಳ ಮಾತಿಗೆ ಬಸ್ಸು ನಕ್ಕಿತು. ಅವನ ಕಿವಿ ಬಿಸಿಯಾದವು. ಕಿಸೆ ಹೊರಗ ತಗಿ ಎಂದು ಯಾರೂ ಹೇಳಲಿಲ್ಲ. ಆದರೂ ಊರು ಬರುವವರೆಗೆ ಯಾರಾದರೂ ಹೇಳಿಯೇ ಬಿಡುತ್ತಾರೆ ಎಂದು ಕಾದು ಕೂತ. ಕೊಂಡ ಸಾಮಾನಿಗೆ ಹೀಗೆ ಹೆದರುವುದು ಎಲ್ಲಿಯ ಹುಚ್ಚು ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಸಿಟ್ಟಿನಲ್ಲೂ ಕೈ ಎದೆಯ ಮೇಲಿಂದ ಇಳಿಯಲಿಲ್ಲ.

ಮನೆಯಲ್ಲಿ ರೇವವ್ವ ಪೆನ್ನನ್ನು ಬೆಳಕಿಗೆ ಹಿಡಿದು ನೋಡಿದಳು. "ಹಲ್ಲಿನ ಗುರುತು ಅದಾವಲ್ರಿ ಇದರ ಮ್ಯಾಗ!"

"ಹಳೇದು ಅಂತಽ ತಂದೇನಿ."

"ಹಳೇದನ್ನ ತರಾಕ ಅಣ್ಣಿಗೇರಿಗೆ ಹೋಗಬೇಕಿತ್ತೇನು? ಮನ್ಯಾಗ ಎಷ್ಟಿಲ್ಲ?"

ಅವನು ಆಗಲೇ ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಶಾಯಿಯ ಬಾಟಲಿ, ಡ್ರಾಪರು ಇಟ್ಟುಕೊಂಡು ಕೂತಿದ್ದ. ಶಾಲೆಯ ಹುಡುಗರಿಂದ ಹಿಡಿದು ಊರಿನವರೆಲ್ಲರೂ ಪೆನ್ನಿಗೆ ಶಾಯಿ ಹಾಕುವುದು ಒಂದೇ ರೀತಿ: ಕುತ್ತಿಗೆ ಬಿಚ್ಚುವುದು, ಹೊಟ್ಟೆಯೊಳಗೆ ಡ್ರಾಪರಿನಿಂದ ಬಿಡುವುದು. ಇದರ ಕುತ್ತಿಗೆ ಬಿಚ್ಚಲಿಲ್ಲ. ಜೋರಾಗಿ ಎಳೆದಾಗ ಕಿತ್ತುಬಂತು, ಅದರ ಜೊತೆಗೆ ಒಣಗಿ ಮುದುಡಿದ ಒಂದು ರಬ್ಬರಿನ ಚೀಲವೂ ಬಂತು. ಆ ಪೆನ್ನಿನ ಶಾಯಿ ನಿಲ್ಲುವುದೇ ಅದರೊಳಗೆ; ಅವನು ಮಾತ್ರ ಎಂದೋ ಯಾರೋ ಸೋರದಿರಲೆಂದು ತುರುಕಿದ ಕಸವಿರಬೇಕೆಂದು ಅದನ್ನು ಕಿತ್ತು ತಿಪ್ಪೆಗೆಸೆದ. ಪೆನ್ನಿನ ಮೈಯ ಮೇಲೆ ಉಗುರಿನಿಂದ ಎಬ್ಬಿಸಿದರೆ ಏಳುವ ಒಂದು ಸಣ್ಣ ಪಟ್ಟಿಯಿತ್ತು. ಅದೇನೆಂದು ತಿಳಿಯದೆ, ಇಂಗ್ಲೆಂಡಿನವರು ಚೆಂದಕ್ಕೆ ಮಾಡಿದ್ದೆಂದು ಮೆಚ್ಚಿಕೊಂಡ. ಶಾಯಿ ತುಂಬಿದ. ಆ ಚೆಂದದ ಪಟ್ಟಿಯ ಸಂದಿನಿಂದ ನೀಲಿ ಹನಿಯೊಂದು ಹೊರಬಂದು ಅವನನ್ನು ನೋಡಿತು. ಅದಕ್ಕೂ ಮದ್ದು ಗೊತ್ತಿತ್ತು. ಬಚ್ಚಲಿನಿಂದ ಬಟ್ಟೆ ಸಾಬೂನು ತಂದು ಸಂದಿಗೆ ಮೆತ್ತಿದ. ಸೋರುವುದು ನಿಂತಿತು, ಅಥವಾ ನಿಂತ ಹಾಗೆ ಮಾಡಿತು.

ಬರೆಯಲೆಂದು ಕೈ ಎತ್ತಿದ. ರೇವವ್ವ ಮಣಿಕಟ್ಟು ಹಿಡಿದಳು. "ನಾಳೆ ಖಂಡೇಪೂಜಿ. ಹೊಸಾ ಸಾಮಾನು. ಪೂಜಿ ಆಗೂಕಿಂತ ಮದಲ ಬರೀಬಾರದ್ರಿ. ಬನ್ನಿ ಮುಡದ ಮ್ಯಾಲ ಶ್ರೀಕಾರ ಹಾಕ್ರಿ."

"ಹಳೇದು ಅಂದೆಲಾ ಈಗ?"

"ನಮಗ ಹೊಸಾದಲ್ಲೇನು?"

ಇಷ್ಟು ಕಾಯ್ದವನಿಗೆ ಇನ್ನೊಂದೆರಡು ದಿನ ಹೆಚ್ಚೇನಲ್ಲ ಎಂದು ಕೊಟ್ಟುಬಿಟ್ಟ. ಕೊಡುವಾಗ ಕೈಗೆ ಮನಸ್ಸಿರಲಿಲ್ಲ.

ಮರುದಿನ ದೇವರ ಜಗಲಿಯ ಮುಂದೆ ಕುಡಗೋಲು, ಕೊಡಲಿ, ಈಳಗಿ, ತಕ್ಕಡಿ, ರೇವವ್ವನ ಹೊಲಿಗೆಯ ಕತ್ತರಿ ಎಲ್ಲ ತೊಳೆಸಿಕೊಂಡು ಸಾಲಾಗಿ ಕೂತವು. ನಡುವೆ ವೀಳ್ಯದೆಲೆಯ ಮೇಲೆ ಪೆನ್ನು. ಅದಕ್ಕೂ ಮೂರು ಗೆರೆ ವಿಭೂತಿ, ಒಂದು ಬೊಟ್ಟು ಕುಂಕುಮ, ತಲೆಗೊಂದು ಚೆಂಡುಹೂ. ಅದನ್ನು ಹಾಗೆ ನೋಡಿ ಈರಬಸಪ್ಪನ ಕಣ್ಣು ತುಂಬಿದವು. ಬೆತ್ತ ತಿಂದ ಹುಡುಗನನ್ನು ಕರೆದು ತೋರಿಸಬೇಕೆನಿಸಿತು. ನೋಡಲೇ ಈರ್ಯಾ, ಯಾರ ಮನೆಯಲ್ಲಿದೆ, ಯಾವ ಜಾಗದಲ್ಲಿದೆ. ಕುಂಬಳಕಾಯಿ ಒಡೆದು, ಕರ್ಪೂರ ಬೆಳಗಿ, ಊಟಕ್ಕೆ ಕೂತು, ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಆ ವಿಚಾರ ಬಂತು. ತುಪ್ಪಕ್ಕೆ ಕೈ ಅಡ್ಡ ಹಿಡಿದ. ನಾಳೆ ಮಾಸ್ತರು ಬರುತ್ತಾರೆ.

ಬಂದೇ ಬರುತ್ತಾರೆ. ದಸರೆಯ ದಿನ ಚಿಕ್ಕವರು ಹಿರಿಯರ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲು ಮುಟ್ಟುವುದು ಲೋಕದ ಪದ್ಧತಿ. ಅಂದಾನೆಪ್ಪ ಮಾಸ್ತರದು ಉಲ್ಟಾ. ಕಣ್ಣಿಗೆ ಪೊರೆ ಬಂದ ಮೇಲೆ ಯಾರು ಬಂದರು, ಯಾರು ಬರಲಿಲ್ಲ ಎಂಬುದು ತಿಳಿಯದಾಗಿ, ತಾವೇ ಕೋಲೂರಿಕೊಂಡು ಹಳೆಯ ವಿದ್ಯಾರ್ಥಿಗಳ ಮನೆಮನೆಗೆ ಹೋಗಿಬಿಡುತ್ತಿದ್ದರು. ಹೋದ ಮನೆಯಲ್ಲಿ ಜಗಲಿಗೆ ಬಗ್ಗಿ ವಿಭೂತಿ ಹಚ್ಚಿಕೊಂಡು, ಒಂದು ಹೋಳಿಗೆ ತಿಂದು, ಒಂದು ಮಗ್ಗಿ ಕೇಳಿ ಏಳುವರು. ಜಗಲಿಗೆ ಬಗ್ಗುತ್ತಾರೆ ಎಂಬಲ್ಲಿಗೆ ಈರಬಸಪ್ಪ ಹೋಳಿಗೆ ಬಿಟ್ಟು ಎದ್ದ. ಕಣ್ಣು ಮಂಜಾದರೂ ಮೂಗಿನ ಹತ್ತಿರ ಬಂದದ್ದು ಕಾಣುತ್ತದೆ. ಕೊಂಡಿದ್ದೇನೆ ಎಂದು ಹೇಳಬಹುದು. ಯಾರಿಂದ ಎಂದು ಕೇಳುತ್ತಾರೆ. ಮುರಿಗೆಪ್ಪನ ಹೆಸರು ಹೇಳಿದರೆ ಅಪ್ಪ ಮಗನ ನಡುವೆ ಬೆಂಕಿ. ಹೇಳದಿದ್ದರೆ ಈರ್ಯಾ, ಕಿಸೆ ಹೊರಗ ತಗಿ.

"ಪೆನ್ನು ತಗದ ಟ್ರಂಕಿನ್ಯಾಗ ಇಡತೇನಿ," ಎಂದ ಹೆಂಡತಿಗೆ, ಆದಷ್ಟು ಸಹಜವಾಗಿ.

"ಖಂಡೇಕ ಇಟ್ಟ ಸಾಮಾನ ಬನ್ನಿ ಆಗೂತನಕಾ ಅಳಗಾಡಸಂಗಿಲ್ಲ. ನನಗ ಈಳಗಿ ಇಲ್ಲ, ಕೈಲೆ ಬದನಿಕಾಯಿ ಮುರದ ಪಲ್ಯಾ ಮಾಡೇನಿ. ನಿಮ್ಮದೇನ ಅವಸರ?"

ಆಮೇಲೆ ಅವನು ಭಕ್ತನಾದ. ಜಗಲಿಯ ಮುಂದಿನಿಂದ ಏಳಲೇ ಇಲ್ಲ. ರೇವವ್ವ ಅತ್ತ ಹೋದಾಗಲೆಲ್ಲ ಒಂದೊಂದು ಹೂ ಎತ್ತಿ ಪೆನ್ನಿನ ಮೇಲಿಡುತ್ತಿದ್ದ. ಸಂಜೆಗೆ ಕುಡಗೋಲು, ಕೊಡಲಿಗಳೆಲ್ಲ ಬೋಳಾಗಿ, ನಡುವೆ ಒಂದು ಚೆಂಡುಹೂವಿನ ಗುಡ್ಡ ಎದ್ದಿತ್ತು. ದೀಪ ಹಚ್ಚಲು ಬಂದ ರೇವವ್ವ ಅದನ್ನು ನೋಡಿದಳು, ಗಂಡನನ್ನು ನೋಡಿದಳು, ಗುಡ್ಡ ಕೆಡವಿ ಹೂಗಳನ್ನು ಮತ್ತೆ ಎಲ್ಲಕ್ಕೂ ಹಂಚಿದಳು. "ತಕ್ಕಡಿ ಏನ ಪಾಪ ಮಾಡೈತಿ?" ಎಂದಳು. ಪೆನ್ನಿನ ಕೆಳಗಿನ ವೀಳ್ಯದೆಲೆಯ ಅಂಚು ಸ್ವಲ್ಪ ನೀಲಿಯಾಗಿತ್ತು. ಅದನ್ನು ಅವನೊಬ್ಬನೇ ಕಂಡ.

ದಸರೆಯ ದಿನ ಮಧ್ಯಾಹ್ನ ಇಳಿಯುತ್ತಲೇ ಅವನಿಗೊಂದು ಉಪಾಯ ಹೊಳೆಯಿತು. ತಾನೇ ಮೊದಲು ಮಾಸ್ತರ ಮನೆಗೆ ಹೋಗಿ ಬನ್ನಿ ಕೊಟ್ಟುಬಿಟ್ಟರೆ ಅವರು ಬರುವ ಕಾರಣವೇ ಉಳಿಯದು. ಹೊಸ ಬಿಳಿ ಅಂಗಿ ತೊಟ್ಟು, ಬನ್ನಿ ಎಲೆ ಹಿಡಿದು, ಅಗಸಿಯ ದಾರಿಯಿಂದ ದಾಪುಗಾಲು ಹಾಕಿದ. ನಡೆಯುತ್ತ ತನ್ನೊಳಗೇ ವಾದಿಸಿದ. ನಾನು ಕದ್ದಿಲ್ಲ. ಕದಿಯದ್ದಕ್ಕೆ ಒಮ್ಮೆ ಬೆತ್ತ ತಿಂದೆ, ಈಗ ಕೊಂಡದ್ದಕ್ಕೆ ಓಡುತ್ತಿದ್ದೇನೆ. ಒಂದು ದಿನವಾದರೂ ಈ ಪೆನ್ನಿನ ವಿಷಯದಲ್ಲಿ ನಾನು ಸುಮ್ಮನೆ ಒಂದು ಕಡೆ ಕೂತದ್ದುಂಟೇ? ಮಾಸ್ತರ ಮನೆಯ ಕಟ್ಟೆಯ ಮೇಲೆ ಮುರಿಗೆಪ್ಪ ಕೂತಿದ್ದ. ಮಣಿಕಟ್ಟಿನಲ್ಲಿ ಸ್ಟೀಲಿನ ಚೈನು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಅಪ್ಪ ನಿಮ್ಮ ಮನೀಗೇ ಹೊಂಟ್ರಲಾ ಅಣ್ಣಾರ," ಎಂದ ಮುರಿಗೆಪ್ಪ. "ಮಠದ ಓಣಿ ಹಿಡದು ಹೋದ್ರು. ಎರಡ ತಿಂಗಳಾತು, ಪೆನ್ನು ಕಳದೈತಿ ಅಂತ ಮನಿ ತುಂಬ ಹುಡುಕತಾರ. ಇವತ್ತ ಒಂದಿನ ಹೊರಗ ಹೋದ್ರ ನನಗೂ ಚೂರು ಉಸರಾಡಾಕ ಬರತೈತಿ."

"ಚೈನ ಹೊಸಾದೇನು?" ಎಂಬ ಮಾತು ಈರಬಸಪ್ಪನ ಬಾಯಿಂದ ಬಿದ್ದುಹೋಯಿತು.

ಮುರಿಗೆಪ್ಪ ತೋಳು ಕೆಳಗೆಳೆದುಕೊಂಡ. ಆಮೇಲೆ ಈರಬಸಪ್ಪ ಧೋತರದ ಚುಂಗು ಎತ್ತಿ ಹಿಡಿದು ಮಠದ ಓಣಿಯಲ್ಲಿ ಓಡಿದ. ಸೆಕ್ರೆಟರಿ ಓಡುವುದನ್ನು ಕಂಡು ಎರಡು ಮೂರು ನಾಯಿಗಳೂ ಜೊತೆಗೆ ಓಡಿದವು.

ಹೊಸ್ತಿಲಲ್ಲಿ ನಿಂತಾಗ ಮಾಸ್ತರು ಜಗಲಿಯ ಮುಂದೆ ಬಗ್ಗಿದ್ದರು. ರೇವವ್ವ ಪಕ್ಕದಲ್ಲಿ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದಳು. ಮಾಸ್ತರ ಬೆರಳುಗಳು ವಿಭೂತಿಗಟ್ಟಿ ಹುಡುಕುತ್ತ ಕುಡಗೋಲನ್ನು ಮುಟ್ಟಿದವು, ಹಿಂದೆ ಸರಿದವು, ಕತ್ತರಿಯನ್ನು ಮುಟ್ಟಿದವು, ಪೆನ್ನಿಗೆ ಬಂದು ನಿಂತವು. ಹೆಬ್ಬೆರಳು ಮುಚ್ಚಳದ ತುದಿಗೆ ಹೋಗಿ ಹಲ್ಲಿನ ಗುರುತುಗಳ ಮೇಲೆ ಒಮ್ಮೆ ಆಡಿತು. ಈರಬಸಪ್ಪ ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಮಾಸ್ತರು ಸೊಂಟ ನೆಟ್ಟಗೆ ಮಾಡಿಕೊಂಡು, ದಿನಾಲೂ ಮಾಡುವ ಕೆಲಸದ ಹಾಗೆ, ಪೆನ್ನನ್ನು ತಮ್ಮ ಕಿಸೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಏನೂ ಇರಲಿಲ್ಲ, ಸಿಟ್ಟಿಲ್ಲ, ಬೆರಗಿಲ್ಲ. ಕೈ ತನ್ನ ಪಾಡಿಗೆ ತಾನು ಮಾಡಿತ್ತು, ಮಾಸ್ತರಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

"ಮಾಸ್ತರ್ರ, ಅದು…" ಎಂದಳು ರೇವವ್ವ.

"ಹೋಳಿಗಿ ಭೇಷ್ ವಾಸನಿ ಬರಾಕತ್ತೈತಿ ತಂಗಿ. ಕೊಡು," ಎಂದರು ಮಾಸ್ತರು.

ಎಂಥ ಗಳಿಗೆ ಅದು! ಈರಬಸಪ್ಪ ಹೊಸ್ತಿಲು ದಾಟಿ ಒಳಬಂದ. ಅವನ ಮನೆಯಲ್ಲಿ, ಅವನ ಕಣ್ಣೆದುರಿಗೆ, ಅವನ ಜಗಲಿಯಿಂದ ಅಂದಾನೆಪ್ಪ ಮಾಸ್ತರು ಅವನ ಪೆನ್ನು ಎತ್ತಿ ಕಿಸೆಗೆ ಹಾಕಿದ್ದಾರೆ. ಸಾಕ್ಷಿಗೆ ಹೆಂಡತಿ ಇದ್ದಾಳೆ, ದೇವರಿದ್ದಾನೆ. ಇನ್ನು ಎರಡೇ ಮಾತು ಆಡಬೇಕಾದದ್ದು: ಕಿಸೆ ತಗೀರಿ. ಎಷ್ಟು ಸಲ ಕನಸಿನಲ್ಲಿ ಈ ಮಾತಾಡಿ ಹಾಸಿಗೆಯಲ್ಲಿ ಎದ್ದು ಕೂತಿಲ್ಲ! ಬಾಯಿ ತೆರೆದ. ಮಾಸ್ತರು ಆ ಕಡೆ ತಿರುಗಿ, "ಯಾರು, ಈರ್ಯಾ ಏನು? ಹದಿಮೂರ ಎಂಟ್ಲೆ?" ಎಂದರು. "ನೂರಾ ನಾಕ್ರಿ," ಎಂದಿತು ಬಾಯಿ. ಅದರ ಮೇಲೆ ಅವನಿಗೆ ಬಂದ ಅಸಹ್ಯ ಅಷ್ಟಿಷ್ಟಲ್ಲ.

ಹೋಳಿಗೆ ಮುಗಿದ ಮೇಲೆ ಮಾಸ್ತರನ್ನು ಕೈಹಿಡಿದು ಊರ ಹೊರಗಿನ ಬನ್ನಿಗಿಡಕ್ಕೆ ಕರೆದೊಯ್ಯುವ ಪಾಳಿಯೂ ಅವನಿಗೇ ಬಂತು. ದಾರಿಯುದ್ದಕ್ಕೂ ಅವರ ಕಿಸೆ ಅವನ ಕಣ್ಣೆದುರಿಗೇ ಇತ್ತು. ಬನ್ನಿಗಿಡದ ಹತ್ತಿರ ಊರಿಗೆ ಊರೇ ಸೇರಿತ್ತು. ಎಲ್ಲರ ಕೈಯಲ್ಲೂ ಎಲೆ, ಎಲ್ಲರ ಬಾಯಲ್ಲೂ ಬಂಗಾರದಂಗ ಇರೂಣು. ವರ್ಷವಿಡೀ ಬದುವಿಗೆ ಜಗಳಾಡಿದವರು ಕೂಡ ಅವತ್ತು ಎಲೆ ಕೊಟ್ಟು ಅಪ್ಪಿಕೊಳ್ಳಲೇಬೇಕು. ದಾರಿಯಲ್ಲಿ ಬಂದು ಕೂಡಿಕೊಂಡ ಮುರಿಗೆಪ್ಪ ತಂದೆಯ ಕಿಸೆ ನೋಡಿದ. ಬಣ್ಣ ಇಳಿಯಿತು. ಕಿಸೆಯಿಂದ ಅವನ ಕಣ್ಣು ಈರಬಸಪ್ಪನ ಕಡೆಗೆ ಬಂತು, ಅಲ್ಲಿಂದ ನೆಲಕ್ಕೆ ಹೋಯಿತು. ಅಷ್ಟರಲ್ಲಿ ಮೈಯ ಶಾಖಕ್ಕೆ ಸಾಬೂನು ತನ್ನ ಮಾತು ಮರೆತಿತ್ತು. ಮಾಸ್ತರ ಬಿಳಿ ಅಂಗಿಯ ಮೇಲೆ ನೀಲಿ ಹರಡುತ್ತಿತ್ತು.

"ಅಯ್ಯ, ಮಾಸ್ತರ್ರ! ಕಿಸೆ ನೋಡ್ರಿ!" ಎಂದು ಕೂಗಿದವಳು ದೇವಕ್ಕ.

ಮಾಸ್ತರು ಎದೆ ಮುಟ್ಟಿ ನೋಡಿಕೊಂಡರು. ಒದ್ದೆ ಬೆರಳನ್ನು ಮೂಸಿದರು. ಪೆನ್ನನ್ನು ಹೊರತೆಗೆದು, ಮೂಗಿಗೆ ಹತ್ತಿಸಿ ಹಿಡಿದು, ಸುದ್ದಿ ಆಗ ಮುಟ್ಟಿ, "ನನ್ನ ಪೆನ್ನು!" ಎಂದರು. ಹುಡುಗರನ್ನು ಸಾಲು ನಿಲ್ಲಿಸುವ ಹಳೆಯ ದನಿ ಅದು, ಸುತ್ತಿನವರೆಲ್ಲ ತಿರುಗಿ ನೋಡಿದರು. "ಎರಡ ತಿಂಗಳಿಂದ ಹುಡುಕಾಕ ಹತ್ತೇನಿ. ಎಲ್ಲಿ ಸಿಕ್ತು ಇದು? ತಡಿ. ಈರ್ಯಾನ ಮನಿ ಜಗಲಿ ಮ್ಯಾಲ ಸಿಕ್ತು! ನಾನಽ ತಗೊಂಡ ಬಂದೆ. ಈರ್ಯಾ, ಎದ್ದ ನಿಲ್ಲು!"

ನಿಂತೇ ಇದ್ದ ಈರಬಸಪ್ಪ ಇನ್ನಷ್ಟು ನೆಟ್ಟಗಾದ. ಊರಿನ ಕಣ್ಣೆಲ್ಲ ಅವನ ಮೇಲೆ. ಇವರ ಗೊಬ್ಬರ, ಬೀಜ, ಹೆಬ್ಬೆಟ್ಟು ಎಲ್ಲ ಅವನನ್ನು ನಂಬಿ ಇವೆ. ಸೆಕ್ರೆಟರಿಗೆ ಹೆಸರೊಂದೇ ಆಸ್ತಿ. ಅದನ್ನು ಉಳಿಸುವ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅಣ್ಣಿಗೇರಿ, ಬಸ್‌ಸ್ಟ್ಯಾಂಡು, ಗುಲಾಮಹುಸೇನ, ಸ್ಟೀಲಿನ ಚೈನು. ಮಾಸ್ತರ ಬೆನ್ನ ಹಿಂದೆ ಮುರಿಗೆಪ್ಪ ನಿಂತಿದ್ದ. ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಮುಚ್ಚಿಕೊಂಡಿದ್ದ. ತುಟಿ ಒಣಗಿತ್ತು, ಕಣ್ಣು ಒಂದೇ ಸಮನೆ ಮಿಟುಕುತ್ತಿತ್ತು, ನಲವತ್ತರ ಹತ್ತಿರದ ಆ ಗಂಡಸು ಈಗ ಅತ್ತುಬಿಡುವ ಹಾಗಿದ್ದ. ಕಿಸೆ ಹೊರಗೆಳೆದುಕೊಂಡು ನಿಂತ ದಿನ ತನ್ನ ಮುಖ ಹೇಗಿತ್ತೆಂದು ಈರಬಸಪ್ಪನಿಗೆ ಗೊತ್ತಿರಲಿಲ್ಲ. ತನ್ನ ಮುಖ ತನಗೆ ಎಲ್ಲಿ ಕಾಣುತ್ತದೆ? ಈಗ ಕಂಡಿತು. ಅದನ್ನು ನೋಡಲಾಗಲಿಲ್ಲ.

"ಹೌದ್ರಿ ಮಾಸ್ತರ್ರ," ಎಂದ. "ನಾನಽ ಒಯ್ದಿದ್ದೆ."

ಗುಂಪಿನಲ್ಲಿ ಯಾರೋ ಕೆಮ್ಮಿದರು. ದೇವಕ್ಕ ಮೊದಲು ಸಾವರಿಸಿಕೊಂಡಳು. "ಬಸ್ಸಿನ್ಯಾಗಽ ನನಗ ಸಂಶೇ ಬಂದಿತ್ತು! ನಾಳೆ ಸೊಸೈಟ್ಯಾಗಿನ ಚೀಲಾನೂ ಎಣಸ್ರೆಪಾ." ಎಲ್ಲರೂ ಗೊಳ್ಳೆಂದು ನಕ್ಕರು. ಹಬ್ಬದ ನಗೆ, ವಿಷವಿರಲಿಲ್ಲ; ಆದರೆ ಮುಂದಿನ ಎಷ್ಟೋ ದಸರೆಗಳವರೆಗೆ ಈ ಊರು ಇದನ್ನು ಎಲೆ ಅಡಿಕೆಯ ಜೊತೆ ಅಗಿಯುತ್ತದೆಂದು ಅವನಿಗೆ ತಿಳಿಯಿತು. ಮಾಸ್ತರ ಮುಖ ಮಾತ್ರ ಅರಳಿತ್ತು. "ನಾ ಹೇಳಿದ್ನಿಲ್ಲೋ!" ಎಂದರು. "ಅವತ್ತಽ ಹೇಳಿದ್ದೆ, ಈರ್ಯಾನಽ ಅಂತ. ಕಿಸೆ ಹುಡುಕಿದ್ರ ಸಿಗಲಿಲ್ಲ. ಎಲ್ಲಿ ಇಟ್ಟಿದ್ಯೋ ಶಾಣ್ಯಾ!" ರುಮಾಲಿನಿಂದ ಪೆನ್ನು ಬಿದ್ದ ಸದ್ದು ಅವರ ನೆನಪಿನಿಂದ ಎಂದೋ ಅಳಿಸಿಹೋಗಿತ್ತು. ಎರಡು ತಿಂಗಳು ಮತ್ತು ಮೂವತ್ತು ವರ್ಷ ಅವರ ತಲೆಯಲ್ಲಿ ಕೂಡಿ ಒಂದೇ ಕಳವಾಗಿತ್ತು. "ಆದ್ರ ಛಲೋ ಇಟ್ಟಿದ್ದಿ. ಪೂಜಿ ಮಾಡಿ ಇಟ್ಟಿದ್ದಿ. ತಪ್ಪ ಒಪ್ಪಿಕೊಂಡಿ, ಮುಗೀತು. ಬಾ ಇಲ್ಲೆ. ಬನ್ನಿ ತಗೊ. ಬಂಗಾರದಂಗ ಇರೂಣು."

ಈರಬಸಪ್ಪ ಕಾಲು ಮುಟ್ಟಿ ಎದ್ದ. ಮಾಸ್ತರು ಅವನನ್ನು ಬರಸೆಳೆದು ಅಪ್ಪಿಕೊಂಡರು. ಪೆನ್ನು ಹಿಡಿದ ಮುಷ್ಟಿ ಇಬ್ಬರ ಎದೆಯ ನಡುವೆ ಸಿಕ್ಕಿಕೊಂಡಿತು. ಅವರ ಬಾಯಿ ಅವನ ಕಿವಿಯ ಹತ್ತಿರ ಬಂತು, ಅದರಲ್ಲಿ ಏಲಕ್ಕಿಯ ವಾಸನೆ ಇತ್ತು.

"ಈರ್ಯಾ," ಎಂದರು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ. "ಅವತ್ತ ನಿನ್ನ ಕಿಸೆದಾಗಿನ ಬೆಲ್ಲ, ಕಾಗಿಗೆ ಒಗದೆ ಅಂದಿದ್ದೆ ನೋಡು. ಒಗದಿರಲಿಲ್ಲೋ. ನಾನಽ ತಿಂದೆ. ಮುಂಜಾನಿಂದ ಹೊಟ್ಟ್ಯಾಗ ಏನೂ ಇರಲಿಲ್ಲ. ಹುಡುಗನ ಕೈಯಾಗಿಂದ ಕಸಗೊಂಡ ತಿಂದ್ನಲ್ಲಾ ಅಂತ ಭಾಳ ದಿನ ಕಾಡಿತು. ಮನಸಿನ್ಯಾಗ ಇಟಗೋಬ್ಯಾಡ."

ಶಾಲೆ ಬಿಟ್ಟ ಮೇಲೆ ಕಿಟಕಿಯ ಕೆಳಗೆ ಅವನು ಎಷ್ಟೋ ಹೊತ್ತು ಆ ಬೆಲ್ಲ ಹುಡುಕಿದ್ದ. ಒಂದು ಇರುವೆ ಕೂಡ ಇರಲಿಲ್ಲ. ಕಾಗೆ ಇಷ್ಟು ಚೊಕ್ಕಟವಾಗಿ ತಿನ್ನುತ್ತದೆಯೇ ಎಂದು ಆಗಲೇ ಅನಿಸಿತ್ತು. ಇಷ್ಟು ವರ್ಷ ಅವನು ಒಂದು ಮಾತಿಗಾಗಿ ಕಾದಿದ್ದ. ಮಾತು ಬಂತು, ಆದರೆ ಬೇರೆ ವಿಳಾಸಕ್ಕೆ ಬಂತು. ಪೆನ್ನಿನ ಬಗ್ಗೆ ಏನೂ ಇಲ್ಲ, ಬೆತ್ತದ ಬಗ್ಗೆ ಏನೂ ಇಲ್ಲ, ಬೆಲ್ಲದ ಬಗ್ಗೆ. ಇದು ನನಗೆ ಬೇಕಾದದ್ದಲ್ಲ ಎಂದು ಹಿಂದಕ್ಕೆ ಕೊಡಬೇಕೆಂದುಕೊಂಡ. ಅಷ್ಟರಲ್ಲಿ ಹಸಿದ ಮಾಸ್ತರೊಬ್ಬರು ಕಿಟಕಿಯ ಕಡೆ ಮುಖ ಮಾಡಿ, ನೂಲು ಕಸ ಅಂಟಿದ ಬೆಲ್ಲವನ್ನು ಸದ್ದಿಲ್ಲದೆ ಚೀಪುತ್ತಿರುವುದು ಕಾಣಿಸಿತು. ಪಾಪ, ಅನಿಸಿತು. ಅಳು ಬಂತು, ಅದರ ಹಿಂದೆಯೇ ನಗೆ ಬಂತು, ಎರಡೂ ಒಟ್ಟಿಗೆ ಮೂಗಿನಿಂದ ಹೊರಬಿದ್ದು ವಿಚಿತ್ರ ಸದ್ದಾಯಿತು. "ಇರಲಿ ಬಿಡ್ರಿ ಮಾಸ್ತರ್ರ," ಎಂದ.

ಮುರಿಗೆಪ್ಪ ಮುಂದೆ ಬಂದು ಬನ್ನಿ ಎಲೆ ಕೊಟ್ಟ. ಬಗ್ಗಿ ಈರಬಸಪ್ಪನ ಕಾಲು ಮುಟ್ಟಿದ. ಮುಟ್ಟುವಾಗ ಸ್ಟೀಲಿನ ಚೈನು ಹೆಬ್ಬೆರಳಿಗೆ ತಾಕಿ ತಣ್ಣಗೆನಿಸಿತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಬನ್ನಿಯಾಯಿತೆಂದು ರೇವವ್ವ ಜಗಲಿಯ ಮುಂದಿನ ಕುಡಗೋಲು, ಈಳಗಿಗಳನ್ನು ಎತ್ತಿಡುತ್ತಿದ್ದಳು. ನಡುವೆ ಖಾಲಿ ವೀಳ್ಯದೆಲೆ, ಪೂರಾ ನೀಲಿ. ಗಂಡನನ್ನು ನೋಡಿದಳು. ಹೊಸ ಅಂಗಿಯ ಎದೆಯ ಮೇಲೆ, ಪೆನ್ನು ಸಿಕ್ಕಿಸುವ ಜಾಗದಲ್ಲೇ, ಅಂಗೈ ಅಗಲದ ನೀಲಿ ಕಲೆ. ಆ ಪೆನ್ನಿನಿಂದ ಅವನ ಪಾಲಿಗೆ ಬಂದ ಬರವಣಿಗೆ ಅಷ್ಟೇ.

"ಮಾಸ್ತರು ಪೆನ್ನ ಹಾಕ್ಕೊಂಡ ಹೋದ್ರಲ್ರಿ. ಕೇಳಲಿಲ್ಲೇನು ನೀವು?"

"ಮಾತ ಬಂತು," ಎಂದ ಈರಬಸಪ್ಪ, ಅಂಗಿಯ ಗುಂಡಿ ಬಿಚ್ಚುತ್ತ.

"ಏನಂದ್ರು ಮತ್ತ?"

"ಬೆಲ್ಲ ನಾನಽ ತಿಂದೇನಿ ಅಂದ್ರು."

ರೇವವ್ವ ಕೈಯಲ್ಲಿದ್ದ ಈಳಗಿಯನ್ನು ಅಲ್ಲೇ ಇಟ್ಟು, ಎದ್ದು ಅಡುಗೆಮನೆಗೆ ಹೋಗಿ, ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು.